ಮದುವೆಗೆ ಛತ್ರ ನೋಡುವುದು ಹೇಗೆ: ಊಟದ ಹಾಲ್‌ನಿಂದ ಶುರು ಮಾಡಿ

ನನ್ನ ತಂಗಿಯ ಮದುವೆ ದಿನ ಮಧ್ಯಾಹ್ನ ಒಂದೂವರೆಗೆ ಊಟದ ಹಾಲ್‌ಗೆ ಇಳಿದೆ. ಕೂತವರು ಇನ್ನೂ ಸಾರನ್ನ ಕಲಸುತ್ತಿದ್ದರು. ಒಂದೊಂದು ಕುರ್ಚಿಯ ಹಿಂದೆಯೂ ಒಬ್ಬೊಬ್ಬರು ನಿಂತಿದ್ದರು. ಕೆಲವರು ಕುರ್ಚಿಯ ಬೆನ್ನು ಹಿಡಿದುಕೊಂಡೇ ಇದ್ದರು, ಬೇರೆ ಯಾರಾದರೂ ಬಂದು ಕೂತುಬಿಟ್ಟಾರು ಅಂತ. ನಮ್ಮ ಸೋದರತ್ತೆಯ ಹಿಂದೆ ಒಬ್ಬ ಹೆಣ್ಣುಮಗಳು, ಕಂಕುಳಲ್ಲಿ ಮಗು. ಅತ್ತೆ ಒಮ್ಮೆ ತಿರುಗಿ ನೋಡಿದರು. ಎಲೆಯ ಮೇಲೆ ಹೋಳಿಗೆ ಹಾಗೇ ಇತ್ತು, ಮೊಸರನ್ನ ಇನ್ನೂ ಬಂದಿರಲಿಲ್ಲ. "ಬಾಮ್ಮ, ಕೂತ್ಕೊ, ಮಗು ಹಸ್ಕೊಂಡಿದೆ" ಅಂತ ಎಲೆ ಮಡಚಿ ಎದ್ದುಬಿಟ್ಟರು.

ಆ ಛತ್ರವನ್ನು ಗೊತ್ತು ಮಾಡಿದ್ದು ನಾವೇ. ಮನೆಯವರೆಲ್ಲ ಹೋಗಿ ನೋಡಿದ್ದೆವು. ವೇದಿಕೆ ನೋಡಿದೆವು, ತೂಗುದೀಪ ನೋಡಿದೆವು, ಫೋಟೋ ಎಲ್ಲಿ ಚೆನ್ನಾಗಿ ಬರುತ್ತೆ ಅಂತ ನೋಡಿದೆವು. ನೆಲಮಾಳಿಗೆಯ ಊಟದ ಹಾಲ್‌ಗೆ ಯಾರೂ ಇಳಿಯಲಿಲ್ಲ. ಮ್ಯಾನೇಜರ್ "ಕೆಳಗೆ ಡೈನಿಂಗ್, 300 ಸೀಟ್" ಅಂದ, ನಾವು ತಲೆ ಆಡಿಸಿದೆವು.

ಅದಾದ ಮೇಲೆ ನೆಂಟರಿಷ್ಟರ ಏಳೆಂಟು ಮದುವೆಗಳಿಗೆ ಛತ್ರ ನೋಡಲು ಜೊತೆಗೆ ಹೋಗಿದ್ದೇನೆ. ಈಗ ನಾನು ನೋಡುವ ರೀತಿಯೇ ಬೇರೆ. ಊಟಕ್ಕೆ ಕೂತವರ ಬೆನ್ನ ಹಿಂದೆ ಇನ್ನೊಬ್ಬರು ನಿಲ್ಲಬಾರದು. ಈ ಒಂದು ಮಾತಿನಿಂದ ಶುರು ಮಾಡಿದರೆ ಛತ್ರ ಹುಡುಕುವ ಕೆಲಸ ಅರ್ಧ ಹಗುರ. ನಾನು ಹೆಚ್ಚಾಗಿ ಬೆಂಗಳೂರು, ಮೈಸೂರು ಕಡೆಯ ಮದುವೆಗಳನ್ನು ಇಟ್ಟುಕೊಂಡು ಹೇಳುತ್ತೇನೆ. ನೀವು ಛತ್ರ ಅನ್ನಿ, ಹುಬ್ಬಳ್ಳಿ ಬೆಳಗಾವಿ ಕಡೆಯವರ ಹಾಗೆ ಮಂಗಲ ಕಾರ್ಯಾಲಯ ಅನ್ನಿ, ಕರಾವಳಿಯವರ ಹಾಗೆ ಸುಮ್ನೆ ಹಾಲ್ ಅನ್ನಿ, ನೋಡಬೇಕಾದ್ದು ಹೆಚ್ಚುಕಡಿಮೆ ಒಂದೇ. ಷಷ್ಟಿಪೂರ್ತಿ, ಉಪನಯನ, ದೊಡ್ಡ ನಾಮಕರಣಕ್ಕೂ ಇದೇ ಲೆಕ್ಕ ಆಗುತ್ತದೆ.

1. ಮೊದಲು ತಲೆ ಎಣಿಸಿ

ಛತ್ರ ನೋಡಲು ಹೊರಡುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಕೂರಿ. "ಒಂದು ಎಂಟುನೂರು ಜನ ಆಗಬಹುದು" ಅನ್ನುವ ಬಾಯಿಲೆಕ್ಕ ಬೇಡ. ಎಷ್ಟು ಕಾರ್ಡ್ ಹಂಚುತ್ತೀರಿ ಅನ್ನುವುದೂ ಬೇಡ. ಮನೆ ಮನೆ ಹೆಸರು ಬರೆದು, ಪಕ್ಕದಲ್ಲಿ ಎಷ್ಟು ಜನ ಬರಬಹುದು ಅಂತ ಅಂಕಿ ಹಾಕಿ. ಒಂದು ಕಾರ್ಡ್‌ಗೆ ಆಫೀಸಿನಿಂದ ಒಬ್ಬರೇ ಬರುತ್ತಾರೆ, ಊರಿನ ದೊಡ್ಡಪ್ಪನ ಮನೆಯಿಂದ ಒಂಬತ್ತು ಜನ ಬರುತ್ತಾರೆ.

ಪ್ರತಿ ಹೆಸರಿನ ಮುಂದೆ ಎರಡು ಕಾಲಂ ಮಾಡಿ. ಒಂದು ಆರತಕ್ಷತೆಗೆ, ಇನ್ನೊಂದು ಮುಹೂರ್ತಕ್ಕೆ. ನಮ್ಮ ಕಡೆ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಸಂಜೆಗೆ ಆಫೀಸಿನವರು, ಸ್ನೇಹಿತರು, ಅಕ್ಕಪಕ್ಕದವರು ಬರುತ್ತಾರೆ. ಬೆಳಗ್ಗೆ ನೆಂಟರೇ ಜಾಸ್ತಿ. ಎರಡನ್ನೂ ಕೂಡಿಸಿ "ಒಟ್ಟು ಸಾವಿರ" ಅಂದುಕೊಂಡು ದೊಡ್ಡ ಹಾಲ್ ಹಿಡಿದರೆ, ಧಾರೆ ಹೊತ್ತಿಗೆ ಅರ್ಧ ಕುರ್ಚಿ ಖಾಲಿ ಇರುತ್ತವೆ. ನಿಮಗೆ ಬೇಕಾಗಿರುವುದು ಒಂದೇ ಹೊತ್ತಿನಲ್ಲಿ ಇರುವ ದೊಡ್ಡ ಸಂಖ್ಯೆ.

ಬೀಗರ ಕಡೆಯ ಲೆಕ್ಕವನ್ನೂ ಈಗಲೇ ಕೇಳಿ. ಸಂಕೋಚ ಆಗುತ್ತದೆ, ನಿಜ. ಆದರೆ "ನಿಮ್ಮ ಕಡೆಯವರಿಗೆ ಊಟಕ್ಕೆ, ಉಳಿದುಕೊಳ್ಳಲಿಕ್ಕೆ ತೊಂದರೆ ಆಗಬಾರದು, ಅದಕ್ಕೆ ಕೇಳ್ತಿದ್ದೀವಿ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ರಾತ್ರಿ ಎಷ್ಟು ಜನ ಉಳಿಯುತ್ತಾರೆ ಅನ್ನುವುದನ್ನೂ ಆಗಲೇ ಕೇಳಿಬಿಡಿ.

2. ಒಂದಲ್ಲ, ಮೂರು ಮುಹೂರ್ತ ಇಟ್ಟುಕೊಳ್ಳಿ

ಪುರೋಹಿತರ ಹತ್ತಿರ ಒಂದೇ ದಿನ ಬರೆಸಿಕೊಂಡು ಛತ್ರ ಹುಡುಕಲು ಹೊರಟರೆ ಕೈ ಕಟ್ಟಿಹಾಕಿದ ಹಾಗೆ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಗುರು, ಶುಕ್ರ ಅಸ್ತವಾದ ದಿನಗಳೂ ಬಿಟ್ಟುಹೋಗುತ್ತವೆ. ಅಧಿಕ ಮಾಸ ಬಂದ ವರ್ಷ ಇನ್ನೂ ಇಕ್ಕಟ್ಟು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಬೇಸಿಗೆ ರಜೆಯ ಒಳ್ಳೆಯ ದಿನಗಳಲ್ಲಿ ಒಂದು ತಿಂಗಳು ಹಾಗೇ ಹೋಯಿತು. ಉಳಿದ ದಿನಗಳಿಗೆ ಎಲ್ಲರೂ ಮುಗಿಬೀಳುತ್ತಾರೆ.

ಹಾಗಾಗಿ ಎರಡು ಮೂರು ಮುಹೂರ್ತ ಬರೆಸಿಕೊಳ್ಳಿ. ಅದರಲ್ಲಿ ಒಂದಾದರೂ ವಾರದ ದಿನ ಇರಲಿ. ಬುಧವಾರ, ಗುರುವಾರಕ್ಕೆ ಬಾಡಿಗೆಯಲ್ಲಿ ಮಾತಾಡಲು ಜಾಗ ಇರುತ್ತದೆ. ಭಾನುವಾರಕ್ಕೆ ಅವರು ಹೇಳಿದ್ದೇ ರೇಟು. ದಿನ ಖಚಿತವಾಗುವ ಮುಂಚೆಯೇ, ಸಾಧ್ಯವಾದರೆ ಆರು ತಿಂಗಳು ಮೊದಲೇ, ಹುಡುಕಾಟ ಶುರುವಾಗಲಿ.

3. ಎಂಥ ಜಾಗ?

ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳ ಛತ್ರಗಳಿಗೆ ಒಂದು ಗುಣ ಇದೆ. ಅವನ್ನು ಕಟ್ಟಿದ್ದೇ ಮದುವೆಗೆ. ಉಗ್ರಾಣ, ಅಡುಗೆ ಮನೆ, ಗಂಡಿನ ಕಡೆಯವರ ಕೋಣೆ, ಹೆಣ್ಣಿನ ಕಡೆಯವರ ಕೋಣೆ, ಎಲ್ಲ ಜಾಗದಲ್ಲಿ ಇರುತ್ತವೆ. ಕೊರತೆ ಅಂದರೆ ಪಾರ್ಕಿಂಗ್. ಊರಾಚೆಯ ಕನ್ವೆನ್ಷನ್ ಹಾಲ್‌ಗಳಲ್ಲಿ ಕಾರು ನಿಲ್ಲಿಸಲು ಬೇಕಾದಷ್ಟು ಜಾಗ, ಆದರೆ ವಯಸ್ಸಾದವರು ಅಲ್ಲಿಗೆ ತಲುಪುವುದೇ ಕಷ್ಟ. ಸಮುದಾಯ ಭವನಗಳು ಬಾಡಿಗೆಯಲ್ಲಿ ಹಗುರ. ಅಲ್ಲಿ ಕುರ್ಚಿ, ಪಾತ್ರೆ, ಜನರೇಟರ್ ಎಲ್ಲ ನೀವೇ ತರಬೇಕಾಗಬಹುದು.

ತೋಟದ ಮದುವೆ, ಲಾನ್ ಮದುವೆ ನೋಡಲು ಚೆಂದ. ನನಗೂ ಇಷ್ಟ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆ ಗುಡುಗು ಮಳೆ ಬರುತ್ತದೆ, ಗಾಳಿ ಸಮೇತ. ಪೆಂಡಾಲ್ ಬಟ್ಟೆ ಮಳೆ ತಡೆಯುವುದಿಲ್ಲ. ಅಷ್ಟೂ ಜನ ಹಿಡಿಸುವ ಮುಚ್ಚಿದ ಹಾಲ್ ಅದೇ ಆವರಣದಲ್ಲಿ ಇದೆಯಾ, ಅದು ಆ ದಿನ ನಿಮಗೇ ಸಿಗುತ್ತದಾ ಅಂತ ಕೇಳದೆ ಒಪ್ಪಬೇಡಿ.

ಇಲ್ಲೇ ಇನ್ನೊಂದು ಮಾತು. ಮಾಂಸದೂಟ. ಬೀಗರೂಟವನ್ನು ಅದೇ ಜಾಗದಲ್ಲಿ ಮಾಡುವ ಯೋಚನೆ ಇದ್ದರೆ ಬಾಗಿಲಲ್ಲೇ ಕೇಳಿ. ಎಷ್ಟೋ ಛತ್ರಗಳಲ್ಲಿ ಸಸ್ಯಾಹಾರ ಮಾತ್ರ. ಕೆಲವು ಕಡೆ ನಾನ್‌ವೆಜ್‌ಗೆ ಬೇರೆ ಅಡುಗೆ ಮನೆ, ಬೇರೆ ಪಾತ್ರೆ. ಅಡ್ವಾನ್ಸ್ ಕೊಟ್ಟ ಮೇಲೆ ಇದು ಗೊತ್ತಾದರೆ ಎರಡು ಮನೆಯವರ ನಡುವೆ ಸುಮ್ನೆ ಮನಸ್ತಾಪ.

4. ಊಟದ ಹಾಲ್

ಛತ್ರಕ್ಕೆ ಕಾಲಿಟ್ಟ ತಕ್ಷಣ ಮ್ಯಾನೇಜರ್ ನಿಮ್ಮನ್ನು ವೇದಿಕೆ ಕಡೆ ಕರೆದುಕೊಂಡು ಹೋಗುತ್ತಾರೆ, ಲೈಟ್ ಎಲ್ಲ ಹಾಕಿಸುತ್ತಾರೆ. "ಮೊದಲು ಊಟದ ಹಾಲ್ ತೋರಿಸಿ" ಅನ್ನಿ.

ಕೈಯಲ್ಲಿ ಒಂದು ಅಳತೆ ಟೇಪ್ ಇರಲಿ. ಅಗಲ ಎಲೆ ಹಾಕಿ ಆರಾಮಾಗಿ ಕೂರಬೇಕು ಅಂದರೆ ಒಬ್ಬರಿಗೆ ಎರಡು ಅಡಿ ಬೇಕು. 20 ಅಡಿ ಉದ್ದದ ಮೇಜಿನ ಸಾಲಿಗೆ ಹತ್ತು ಜನ. ಅಲ್ಲಿ ಹದಿಮೂರು ಕುರ್ಚಿ ಹಾಕಿದ್ದರೆ ಒಬ್ಬರಿಗೆ ಒಂದೂವರೆ ಅಡಿ ಬಂತು. ಎಲೆಯ ಮೇಲೆ ಎಲೆ, ಮೊಣಕೈಗೆ ಮೊಣಕೈ. ಅಷ್ಟರಲ್ಲಿ ಸಾರು ಸುರಿಯುವವರ ಕೈ ನಡುವೆ ತೂರಬೇಕು. "300 ಸೀಟ್" ಅಂದರೆ ಮೇಜಿನ ಸಾಲುಗಳ ಉದ್ದವನ್ನೆಲ್ಲ ಕೂಡಿಸಿ ಎರಡರಿಂದ ಭಾಗಿಸಿ. ನಮ್ಮ ತಂಗಿಯ ಮದುವೆಯ ಹಾಲ್‌ನಲ್ಲಿ ಮದುವೆ ಮುಗಿದ ಮೇಲೆ ನಾನು ಹಾಗೆ ಅಳೆದೆ. ಬಂದ ಉತ್ತರ 210.

ಸಾಲುಗಳ ನಡುವಿನ ಓಣಿಯನ್ನೂ ಅಳೆಯಿರಿ. ಅನ್ನದ ಬಕೆಟ್ ಹಿಡಿದವರು, ಹುಳಿ ಹಿಡಿದವರು ಎದುರುಬದುರು ಬಂದರೆ ಮೈ ತಾಗದೆ ದಾಟಬೇಕು. ಅದಕ್ಕೆ ಮೂರು ಅಡಿಯಾದರೂ ಬೇಕು.

ಈಗ ಪಂಕ್ತಿ ಲೆಕ್ಕ. ಎಲೆ ಹಾಕಿ, ಉಪ್ಪು, ಕೋಸಂಬರಿ, ಪಲ್ಯದಿಂದ ಶುರುಮಾಡಿ ಮೊಸರನ್ನ ಮುಗಿದು, ಎಲೆ ತೆಗೆದು, ಮೇಜು ಒರೆಸಿ, ಮತ್ತೆ ಎಲೆ ಹಾಕುವಷ್ಟರಲ್ಲಿ 40 ನಿಮಿಷ ಆಗೇ ಆಗುತ್ತದೆ. ಮಧ್ಯಾಹ್ನದ ಊಟಕ್ಕೆ 600 ಜನ, ಸರಿಯಾಗಿ ಅಳೆದ ಸೀಟು 200 ಅಂದುಕೊಳ್ಳಿ. ಮೂರು ಪಂಕ್ತಿ, ಎರಡು ಗಂಟೆ. ಹನ್ನೆರಡಕ್ಕೆ ಶುರುವಾದರೆ ಎರಡಕ್ಕೆ ಮುಗಿಯುತ್ತದೆ. ಅದೇ ಹಾಲ್‌ಗೆ 1,200 ಜನ ಬಂದರೆ ಆರು ಪಂಕ್ತಿ, ನಾಲ್ಕು ಗಂಟೆ. ಕೊನೆಯ ಪಂಕ್ತಿಗೆ ಕೂರುವವರು ಯಾರು ಹೇಳಿ? ಬೆಳಗ್ಗೆ ನಾಲ್ಕಕ್ಕೆ ಎದ್ದ ಮನೆಯವರು. ಮೂರು ಪಂಕ್ತಿಯಲ್ಲಿ ಮುಗಿಯದ ಊಟದ ಹಾಲ್ ನನ್ನ ಪ್ರಕಾರ ನಿಮಗೆ ಚಿಕ್ಕದು. ವೇದಿಕೆ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಮುಂದೆ ಹೋಗಿ.

ಆರತಕ್ಷತೆಗೆ ಬಫೆ ಇಡುವವರು ಬಫೆ ಮೇಜು ಎಲ್ಲಿ ಹಾಕುತ್ತಾರೆ ಅಂತ ನಿಂತು ನೋಡಿ. ಕೌಂಟರ್ ಗೋಡೆಗೆ ಒತ್ತಿದ್ದರೆ ಒಂದೇ ಸಾಲು. ನಡುವೆ ಹಾಕಿ ಎರಡೂ ಕಡೆ ತಟ್ಟೆ ಇಟ್ಟರೆ ಸಾಲು ಅರ್ಧ ಆಗುತ್ತದೆ. ಬಫೆ ಇದ್ದರೂ ವಯಸ್ಸಾದವರಿಗೆ ಕೂತು ಉಣ್ಣಲು ಒಂದೆರಡು ಸಾಲು ಮೇಜು ಇರಲೇಬೇಕು.

ಕಾಯುವವರು ಎಲ್ಲಿರುತ್ತಾರೆ? ಊಟದ ಹಾಲ್ ಹೊರಗೆ ನೂರು ಕುರ್ಚಿ ಹಾಕುವಷ್ಟು ಪಡಸಾಲೆ ಇದ್ದು, ಬಾಗಿಲು ಹಾಕಿಕೊಳ್ಳುವಂತಿದ್ದರೆ ಯಾರೂ ಕುರ್ಚಿ ಹಿಡಿದು ನಿಲ್ಲುವುದಿಲ್ಲ. ಒಂದು ಪಂಕ್ತಿ ಎದ್ದು, ಮೇಜು ಒರೆಸಿ, ಎಲೆ ಹಾಕಿದ ಮೇಲೆ ಬಾಗಿಲು ತೆಗೆಯಬಹುದು. ಒಳಗೆ ಬರಲು ಒಂದು ಬಾಗಿಲು, ಕೈ ತೊಳೆದು ಹೊರಗೆ ಹೋಗಲು ಇನ್ನೊಂದು ಇದ್ದರಂತೂ ಬಹಳ ಒಳ್ಳೆಯದು. ಕೈ ತೊಳೆಯುವ ನಲ್ಲಿಗಳನ್ನು ಎಣಿಸಿ. 200 ಜನ ಒಟ್ಟಿಗೆ ಏಳುವ ಕಡೆ ನಾಲ್ಕು ನಲ್ಲಿ ಸಾಲದು.

ಮೆಟ್ಟಿಲು ಇದ್ದರೆ ನೀವೇ ಇಳಿದು ಹತ್ತಿ ನೋಡಿ. ರೇಷ್ಮೆ ಸೀರೆ ಉಟ್ಟ ಅಜ್ಜಿ, ಮಂಡಿ ನೋವಿನ ತಾತ ಇಳಿಯಬಲ್ಲರಾ? ಲಿಫ್ಟ್ ಇದೆ ಅಂದರೆ ಅದರೊಳಗೆ ಗಾಲಿ ಕುರ್ಚಿ ಹಿಡಿಸುತ್ತದಾ, ಕರೆಂಟ್ ಹೋದರೆ ಅದು ಜನರೇಟರ್‌ನಲ್ಲಿ ಓಡುತ್ತದಾ ಅಂತ ಕೇಳಿ. ನೆಲದ ಮಟ್ಟದಲ್ಲೇ ಊಟದ ಹಾಲ್ ಇರುವ ಛತ್ರಕ್ಕೆ ನಾನು ಸ್ವಲ್ಪ ಜಾಸ್ತಿ ಬಾಡಿಗೆ ಕೊಡಲೂ ಸಿದ್ಧ.

5. ಅಡುಗೆಯವರನ್ನು ಕರೆದುಕೊಂಡು ಹೋಗಿ

ದೊಡ್ಡಪ್ಪನ ಮಗಳ ಮದುವೆಗೆ ಛತ್ರ ನೋಡುವಾಗ ಅಡುಗೆ ಭಟ್ಟರನ್ನೇ ಜೊತೆಗೆ ಕರೆದುಕೊಂಡು ಹೋಗಿದ್ದೆವು. ಅವರು ಹಾಲ್ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹಿಂದಿನ ಅಡುಗೆ ಮನೆಗೆ ಹೋದರು. ನಲ್ಲಿ ಕೆಳಗೆ ಬಕೆಟ್ ಇಟ್ಟು ಪೂರ್ತಿ ತಿರುಗಿಸಿ, ತುಂಬುವವರೆಗೆ ಸುಮ್ಮನೆ ನಿಂತರು. ಆಮೇಲೆ ಒಂದು ತಂಬಿಗೆ ನೀರು ನೆಲಕ್ಕೆ ಚೆಲ್ಲಿ ಅದು ಯಾವ ಕಡೆ ಹರಿಯುತ್ತದೆ ಅಂತ ನೋಡಿದರು. ನೀರು ಉಗ್ರಾಣದ ಬಾಗಿಲ ಕಡೆ ಹರಿಯಿತು. "ಅಕ್ಕಿ ಮೂಟೆ ಎಲ್ಲಿಡಲಿ ಸ್ವಾಮಿ?" ಅಂದರು. ಆ ಛತ್ರ ಬಿಟ್ಟೆವು.

ಅವರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಸಂಪ್ ಎಷ್ಟು ಲೀಟರಿನದು, ನೀರು ಬೋರ್‌ವೆಲ್‌ನದ್ದಾ, ಕುಡಿಯುವ ನೀರು ಬೇರೆಯಾ ಅಂತ ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗಳಿಗೆ ಸರ್ಕಾರವೇ ದರ ಗೊತ್ತು ಮಾಡಬೇಕಾಯಿತು. ಬೇಸಿಗೆ ಮದುವೆಯಾದರೆ ಟ್ಯಾಂಕರ್ ತರಿಸುವ ಜವಾಬ್ದಾರಿ ಯಾರದು, ದುಡ್ಡು ಯಾರದು ಅಂತ ಈಗಲೇ ಮಾತಾಡಿ. ಟ್ಯಾಂಕರ್ ಸಂಪ್‌ವರೆಗೆ ಬರಲು ದಾರಿ ಇದೆಯಾ ಅಂತಲೂ ನೋಡಿ.

ಒಲೆಗಳು ಎಷ್ಟಿವೆ, ಹೊಗೆ ಹೋಗಲು ದಾರಿ ಇದೆಯಾ, ಗ್ಯಾಸ್ ಸಿಲಿಂಡರ್ ಕೋಣೆಯ ಹೊರಗಿದೆಯಾ ಅಂತ ನೋಡಿ. ಕೊಳಗ, ಬೋಗುಣಿ, ಸೌಟು, ಬಡಿಸುವ ಬಕೆಟ್, ಗ್ರೈಂಡರ್ ಇವುಗಳ ಪಟ್ಟಿ ಬರೆದು ಕೊಡಲು ಹೇಳಿ. ಅಡುಗೆ ಮನೆಯಿಂದ ಊಟದ ಹಾಲ್‌ಗೆ ಎಷ್ಟು ಹೆಜ್ಜೆ ಅಂತ ಭಟ್ಟರೇ ಎಣಿಸುತ್ತಾರೆ. ಅಡುಗೆ ಮೇಲೆ, ಊಟ ಕೆಳಗೆ ಇದ್ದರೆ ಬಿಸಿ ಹುಳಿ ಹೊತ್ತು ಮೆಟ್ಟಿಲು ಇಳಿಯುವವರ ಪಾಡು ಯೋಚಿಸಿ.

ಉಗ್ರಾಣಕ್ಕೆ ಗಟ್ಟಿ ಬಾಗಿಲು ಬೇಕು. ಬೀಗ ನಿಮ್ಮದೇ ಹಾಕಿ.

ಹೊರಗಿನ ಅಡುಗೆಯವರಿಗೆ ಅವಕಾಶ ಇದೆಯಾ ಅನ್ನುವುದು ದೊಡ್ಡ ಪ್ರಶ್ನೆ. ಕೆಲವು ಕಡೆ ಅವರದ್ದೇ ಕೇಟರಿಂಗ್ ಕಡ್ಡಾಯ. ಕೆಲವು ಕಡೆ ಹೊರಗಿನವರನ್ನು ತಂದರೆ ಮೇಲೆ ಇಷ್ಟು ಅಂತ ಕಟ್ಟಬೇಕು. ಕಡ್ಡಾಯ ಅಂದರೆ ಅವರ ಊಟವನ್ನು ಬೇರೆಯವರ ಮದುವೆಯಲ್ಲಿ ಉಂಡವರನ್ನು ಹುಡುಕಿ ಕೇಳಿ. ಆಫೀಸಿನಲ್ಲಿ ಕೊಡುವ ರುಚಿ ನೋಡುವ ತಟ್ಟೆ ಹತ್ತು ಜನಕ್ಕೆ ಮಾಡಿದ ಅಡುಗೆ. ಆರುನೂರು ಜನಕ್ಕೆ ಮಾಡುವುದು ಬೇರೆ.

6. ಇನ್ನೊಬ್ಬರ ಮದುವೆ ನಡೆಯುವಾಗ ಹೋಗಿ

ಖಾಲಿ ಛತ್ರ ಯಾವಾಗಲೂ ದೊಡ್ಡದಾಗಿ, ಚೊಕ್ಕವಾಗಿ ಕಾಣುತ್ತದೆ. ಎರಡು ಮೂರು ಛತ್ರ ಮನಸ್ಸಿಗೆ ಬಂದ ಮೇಲೆ ಪ್ರತಿಯೊಂದಕ್ಕೂ ಮದುವೆ ಇರುವ ದಿನ ಇನ್ನೊಮ್ಮೆ ಹೋಗಿ. ಮ್ಯಾನೇಜರ್‌ಗೆ ಮೊದಲೇ ಫೋನ್ ಮಾಡಿ. ಮನೆಯವರಿಗೆ ತೊಂದರೆ ಕೊಡದೆ ಒಂದು ಬದಿ ನಿಂತು ಹತ್ತು ನಿಮಿಷ ನೋಡಿ ಬಂದರೆ ಸಾಕು.

ಎರಡು ಹೊತ್ತಿಗೆ ಹೋಗಬೇಕು. ಮಧ್ಯಾಹ್ನ ಒಂದರಿಂದ ಒಂದೂವರೆ ಊಟದ ಹಾಲ್ ನೋಡಲು. ಸಂಜೆ ಏಳೂವರೆ ರಸ್ತೆ, ಪಾರ್ಕಿಂಗ್ ನೋಡಲು. ಆ ಹೊತ್ತಿನಲ್ಲಿ ಶೌಚಾಲಯದ ಒಳಗೂ ಒಮ್ಮೆ ಹೋಗಿ ಬನ್ನಿ. ನೀರು ಬರುತ್ತಿದೆಯಾ, ಯಾರಾದರೂ ಆಗಾಗ ತೊಳೆಯುತ್ತಿದ್ದಾರಾ ಅಂತ ನೋಡಿ. ಹೆಣ್ಣುಮಕ್ಕಳ ಕಡೆ ಸಾಲು ಎಷ್ಟು ಉದ್ದ ಇದೆ ಅಂತ ನಿಮ್ಮ ಜೊತೆ ಬಂದ ಅಕ್ಕನನ್ನೋ ಅತ್ತಿಗೆಯನ್ನೋ ಕಳಿಸಿ ನೋಡಿಸಿ.

ಮ್ಯಾನೇಜರ್ ಹೇಳದ್ದನ್ನು ವಾಚ್‌ಮನ್, ಕಸ ಗುಡಿಸುವ ಅಮ್ಮ ಹೇಳುತ್ತಾರೆ. "ಕರೆಂಟ್ ಹೋಗ್ತಾ ಇರುತ್ತಾ ಅಣ್ಣ?" "ಮಳೆ ಬಂದ್ರೆ ಇಲ್ಲಿ ನೀರು ನಿಲ್ಲುತ್ತಾ ಅಮ್ಮ?" ಅಂತ ಅಕ್ಕರೆಯಿಂದ ಕೇಳಿ. ಒಂದು ಕಡೆ ಆ ಅಮ್ಮ "ನೋಡಿ, ಆ ಗೋಡೆ ಮೇಲೆ ಗೆರೆ ಇದೆಯಲ್ಲ, ಅಲ್ಲೀವರೆಗೆ ಬಂದಿತ್ತು" ಅಂತ ಮೊಣಕಾಲೆತ್ತರದ ಕಲೆ ತೋರಿಸಿದರು. ಅದು ನೆಲಮಾಳಿಗೆಯ ಪಾರ್ಕಿಂಗ್.

7. ದಾರಿ, ಪಾರ್ಕಿಂಗ್

"ನೂರು ಕಾರು ನಿಲ್ಲುತ್ತೆ" ಅಂದರೆ ಜಾಗ ಎಷ್ಟು ಗುಂಟೆ ಅಂತ ಕೇಳಿ. ಒಂದು ಗುಂಟೆ ಅಂದರೆ 1,089 ಚದರಡಿ. ಓಡಾಡುವ ದಾರಿ ಸೇರಿಸಿದರೆ ಒಂದು ಗುಂಟೆಗೆ ನಾಲ್ಕು ಕಾರು. ನೂರು ಕಾರಿಗೆ 25 ಗುಂಟೆ ಬೇಕು. ಜಾಗ ಹತ್ತೇ ಗುಂಟೆ ಇದ್ದರೆ ನಲವತ್ತು ಕಾರಿಗೆ ಮುಗಿಯಿತು. ಮಿಕ್ಕವು ರಸ್ತೆಯಲ್ಲಿ, ಅಕ್ಕಪಕ್ಕದ ಮನೆಗಳ ಗೇಟಿನ ಮುಂದೆ ನಿಲ್ಲುತ್ತವೆ. ಆರತಕ್ಷತೆಗೆ ಒಂದೇ ಹೊತ್ತಿನಲ್ಲಿ 400 ಜನ ಇರುತ್ತಾರೆ, ಅರ್ಧ ಜನ ಕಾರಿನಲ್ಲಿ, ಕಾರಿಗೆ ನಾಲ್ವರಂತೆ ಬರುತ್ತಾರೆ ಅಂದರೆ 50 ಕಾರು. ನಿಮ್ಮ ಪಟ್ಟಿ ನೋಡಿ ನೀವೇ ಲೆಕ್ಕ ಹಾಕಿ. ದ್ವಿಚಕ್ರ ವಾಹನಕ್ಕೆ ಬೇರೆ ಜಾಗ ಬೇಕು.

ಅದೇ ವಾರ, ಅದೇ ಹೊತ್ತಿಗೆ ಒಮ್ಮೆ ಗಾಡಿ ಓಡಿಸಿಕೊಂಡು ಹೋಗಿ ನೋಡಿ. ಬೆಂಗಳೂರಿನಲ್ಲಿ ಶುಕ್ರವಾರ ಸಂಜೆ ಬಳ್ಳಾರಿ ರಸ್ತೆಯೋ ತುಮಕೂರು ರಸ್ತೆಯೋ ಹಿಡಿದವರಿಗೆ ಮ್ಯಾಪ್ ತೋರಿಸುವ ಕಿಲೋಮೀಟರಿನಿಂದ ಏನೂ ಗೊತ್ತಾಗುವುದಿಲ್ಲ. ಮೆಟ್ರೋ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅದು ದೊಡ್ಡ ಅನುಕೂಲ. ಆದರೆ ಭಾನುವಾರ ಬೆಳಗ್ಗೆ ಮೆಟ್ರೋ ತಡವಾಗಿ ಶುರುವಾಗುತ್ತದೆ. ಏಳೂವರೆ ಮುಹೂರ್ತಕ್ಕೆ ಅದನ್ನು ನಂಬಿಕೊಳ್ಳಬೇಡಿ. ಊರಿನಿಂದ ಬಸ್ ಮಾಡಿಕೊಂಡು ಬರುವವರಿದ್ದರೆ ಬಸ್ ತಿರುಗಿಸಲು ಜಾಗ ಎಲ್ಲಿದೆ ಅಂತಲೂ ನೋಡಿ.

8. ಕೋಣೆ, ಬಿಸಿನೀರು

ಬೆಳಗ್ಗೆ ನಾಲ್ಕೂವರೆಗೆ ಇಪ್ಪತ್ತು ಜನಕ್ಕೆ ಸ್ನಾನ ಆಗಬೇಕು. 25 ಲೀಟರಿನ ಒಂದು ಗೀಸರ್‌ನಲ್ಲಿ ಇಬ್ಬರು ಮೂವರಿಗೆ ಆಗುವಷ್ಟರಲ್ಲಿ ನೀರು ತಣ್ಣಗಾಗುತ್ತದೆ, ಮತ್ತೆ ಕಾಯಬೇಕು. ಎಷ್ಟು ಕೋಣೆ, ಎಷ್ಟು ಗೀಸರ್ ಅಂತ ಎಣಿಸಿ. ಸೋಲಾರ್ ಇದ್ದರೆ ಮೋಡದ ದಿನ ಏನು ಮಾಡುತ್ತಾರೆ ಕೇಳಿ. ಹಾಸಿಗೆ, ದಿಂಬು ಅವರೇ ಕೊಡುತ್ತಾರಾ? ಬೀಗರಿಗೆ ಕೊಡುವ ಕೋಣೆ ನೆಲಮಟ್ಟದಲ್ಲಿರಲಿ, ಅದರಲ್ಲಿ ವೆಸ್ಟರ್ನ್ ಟಾಯ್ಲೆಟ್ ಇರಲಿ. ಒಡವೆ ಇಡುವ ಕೋಣೆಗೆ ಕಿಟಕಿ ಸರಳು, ಬಾಗಿಲ ಚಿಲಕ ಗಟ್ಟಿ ಇದೆಯಾ ಅಂತ ಅಲ್ಲಾಡಿಸಿ ನೋಡಿ. ಹಾಲೂಡಿಸುವ ತಾಯಂದಿರಿಗೆ ಒಂದು ಚಿಕ್ಕ ಕೋಣೆ ಬೇರೆ ಇಟ್ಟುಬಿಡಿ. ಇದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರಿಗೂ ಬೇಕಾಗುತ್ತದೆ.

9. ಈಗ ವೇದಿಕೆ

ಇದು ಬೇಗ ಮುಗಿಯುತ್ತದೆ. ಹೋಮ ಮಾಡಲು ಬಿಡುತ್ತಾರಾ? ಎಸಿ ಹಾಲ್‌ಗಳಲ್ಲಿ, ಕಾರ್ಪೆಟ್ ಹಾಸಿದ ಕಡೆ ಬೇಡ ಅನ್ನುವವರಿದ್ದಾರೆ. ಮದುಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂರಲು ಆಗುತ್ತದಾ ಅಂತ ಪುರೋಹಿತರಿಗೆ ಒಂದು ಫೋಟೋ ಕಳಿಸಿ ಕೇಳಿ. ನಡುವೆ ಕಂಬ ಇದ್ದರೆ ಹಿಂದಿನ ಸಾಲಿನವರಿಗೆ ಧಾರೆ ಕಾಣುವುದಿಲ್ಲ. ವೇದಿಕೆಗೆ ಹತ್ತಲು ಒಂದು ಕಡೆ, ಇಳಿಯಲು ಇನ್ನೊಂದು ಕಡೆ ಮೆಟ್ಟಿಲು ಇದ್ದರೆ ಆರತಕ್ಷತೆಯ ಸಾಲು ಬೇಗ ಸಾಗುತ್ತದೆ. ಹೂವಿನ ಅಲಂಕಾರದವರನ್ನು ಹೊರಗಿನಿಂದ ಕರೆತರಬಹುದಾ ಅನ್ನುವುದನ್ನೂ ಕೇಳಿ ಬರೆದುಕೊಳ್ಳಿ.

10. ಬೆಂಕಿ ಬಿದ್ದರೆ ಯಾವ ಕಡೆ ಓಡುವುದು?

ಮಂಗಳ ಕಾರ್ಯದ ಮಾತಿನ ನಡುವೆ ಇದು ಬೇಡ ಅನ್ನಿಸುತ್ತದೆ. ಆದರೂ ಕೇಳಿ. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗಂನಲ್ಲಿ ಒಂದು ಮದುವೆ ಮಂಟಪಕ್ಕೆ ಬೆಂಕಿ ಬಿತ್ತು. ಮಹಡಿ ಮೇಲೆ ಹಾಕಿದ್ದ ಚಪ್ಪರ ಹೊತ್ತಿಕೊಂಡಿತು. ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ತೀರಿಕೊಂಡರು.

ಹಾಲ್‌ನ ನಡುವೆ ನಿಂತು ಹೊರಗೆ ಹೋಗುವ ಬಾಗಿಲುಗಳನ್ನು ಎಣಿಸಿ. ಪ್ರತಿಯೊಂದನ್ನೂ ಕೈಯಿಂದ ತಳ್ಳಿ ನೋಡಿ. ಹಿಂಬಾಗಿಲಿಗೆ ಬೀಗ ಜಡಿದು ಮುಂದೆ ಕುರ್ಚಿ ಪೇರಿಸಿರುವುದನ್ನು ನಾನು ಒಂದಲ್ಲ, ಮೂರು ಕಡೆ ನೋಡಿದ್ದೇನೆ. ಆ ದಿನ ಬೀಗ ತೆಗೆದಿರಬೇಕು ಅಂತ ಕರಾರಿನಲ್ಲೇ ಬರೆಸಿ. ಮೇಲಿನ ಮಹಡಿಯಲ್ಲಿ ಹಾಲ್ ಇದ್ದು ಒಂದೇ ಮೆಟ್ಟಿಲು ಇದ್ದರೆ ಅಲ್ಲಿ ಮದುವೆ ಮಾಡಬೇಡಿ.

11. ಕಾನೂನಿನ ಮೂರು ಮಾತು

ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಲಾನ್‌ನಲ್ಲಿ ಆರ್ಕೆಸ್ಟ್ರಾ ಇಟ್ಟವರು ಹತ್ತಕ್ಕೆ ಮುಗಿಸಲೇಬೇಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ. ದಂಡ ಬಿದ್ದರೆ ಛತ್ರದವರು ನಿಮ್ಮ ಕಡೆ ಕೈ ತೋರಿಸುತ್ತಾರೆ. ಮದ್ಯ ಇಡುವ ಪಾರ್ಟಿಯಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಅನ್ನುವ ಸಾಂದರ್ಭಿಕ ಪರವಾನಗಿ ಬೇಕು. ಅದಕ್ಕೂ ಮೊದಲು ಛತ್ರದವರ ಒಪ್ಪಿಗೆ ಬೇಕು.

12. ದುಡ್ಡಿನ ಮಾತು

ಬಾಡಿಗೆ ಅನ್ನುವುದು ಮೊದಲ ಸಾಲು ಮಾತ್ರ. ಅದರ ಕೆಳಗೆ ಇನ್ನೂ ಏನೇನು ಬರುತ್ತದೆ ಅಂತ ನೀವೇ ಕೇಳಿ ಬರೆಸಬೇಕು. ಜಿಎಸ್‌ಟಿ ಸೇರಿದೆಯಾ? ಹಾಲ್ ಬಾಡಿಗೆಗೆ ಅದು ಶೇಕಡಾ 18. ಬಾಡಿಗೆ ಒಂದೂವರೆ ಲಕ್ಷ ಅಂದರೆ ಮೇಲೆ 27,000. ದೇವಸ್ಥಾನದ ಆವರಣದಲ್ಲಿ ನೋಂದಾಯಿತ ಧಾರ್ಮಿಕ ಟ್ರಸ್ಟ್ ನಡೆಸುವ ಮಂಟಪದ ಬಾಡಿಗೆ ದಿನಕ್ಕೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಜಿಎಸ್‌ಟಿ ಇಲ್ಲ.

ಕರೆಂಟ್ ಯೂನಿಟ್‌ಗೆ ಎಷ್ಟು? ಜನರೇಟರ್ ಗಂಟೆಗೆ ಎಷ್ಟು, ಡೀಸೆಲ್ ಯಾರದು? ಅದರಲ್ಲಿ ಲೈಟ್, ಫ್ಯಾನ್ ಮಾತ್ರವಾ, ಎಸಿ, ಲಿಫ್ಟ್, ನೀರಿನ ಮೋಟಾರೂ ಓಡುತ್ತವಾ? ಎಸಿ ಎಷ್ಟು ಗಂಟೆ? ಕ್ಲೀನಿಂಗ್, ಕಸ ಸಾಗಿಸುವುದು, ಗ್ಯಾಸ್, ಪಾತ್ರೆ, ಹೆಚ್ಚಿನ ಕುರ್ಚಿ, ಹೆಚ್ಚಿನ ಕೋಣೆ, ಹೊರಗಿನ ಅಲಂಕಾರದವರಿಗೆ ಶುಲ್ಕ, ವಾಪಸ್ ಕೊಡುವ ಠೇವಣಿ. ಪ್ರತಿಯೊಂದರ ಮುಂದೆ ಒಂದು ಅಂಕಿ ಇರಲಿ. "ಆಮೇಲೆ ನೋಡೋಣ ಬಿಡಿ ಸಾರ್" ಅನ್ನುವುದನ್ನು ಒಪ್ಪಬೇಡಿ. ಎರಡು ಛತ್ರಗಳನ್ನು ಹೋಲಿಸುವಾಗ ಈ ಕೊನೆಯ ಮೊತ್ತವನ್ನೇ ಹೋಲಿಸಿ. ಬಾಡಿಗೆ ಕಡಿಮೆ ಹೇಳಿದ ಕಡೆಯೇ ಒಟ್ಟು ಜಾಸ್ತಿ ಆಗಿದ್ದು ನನ್ನ ಅನುಭವ.

ಹೊತ್ತಿನ ಲೆಕ್ಕವೂ ದುಡ್ಡೇ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಕೀ ಕೊಟ್ಟು ಮರುದಿನ ಮೂರಕ್ಕೆ ಖಾಲಿ ಮಾಡಿಸುವ ಕಡೆ ಅಡುಗೆಯವರು ಯಾವಾಗ ಒಳಗೆ ಬರಬೇಕು, ಹೂವಿನವರು ಯಾವಾಗ? ಹಿಂದಿನ ಪಾರ್ಟಿಯವರು ತಡ ಮಾಡಿದರೆ ನಿಮ್ಮ ಗತಿ ಏನು? ನಾಂದಿ, ದೇವರ ಸಮಾರಾಧನೆ ಅಲ್ಲೇ ಇದ್ದರೆ ಬೆಳಗ್ಗೆಯಿಂದಲೇ ಬೇಕಾಗುತ್ತದೆ. ಅದನ್ನೂ ಮೊದಲೇ ಹೇಳಿ.

13. ಕರಾರು ಬರೆಸಿ, ಆಮೇಲೆ ಅಡ್ವಾನ್ಸ್

ಬುಕಿಂಗ್ ಪುಸ್ತಕದಲ್ಲಿ ನಿಮ್ಮ ತಾರೀಖಿನ ಹಾಳೆ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ. ನಿಮ್ಮ ಎದುರಿಗೇ ಹೆಸರು ಬರೆಸಿ. ಅಡ್ವಾನ್ಸನ್ನು ಚೆಕ್ ಅಥವಾ ಯುಪಿಐ ಮೂಲಕವೇ ಕೊಡಿ. ರಸೀದಿಯಲ್ಲಿ ತಾರೀಖು, ಹೊತ್ತು, ಯಾವ ಹಾಲ್, ಎಷ್ಟು ಕೋಣೆ ಎಲ್ಲ ಇರಲಿ.

ಮದುವೆ ಮುಂದಕ್ಕೆ ಹೋದರೆ, ನಿಂತರೆ ಏನು ಅನ್ನುವುದನ್ನು ಬಾಯಿಮಾತಿಗೆ ಬಿಡಬೇಡಿ. 2020ರಲ್ಲಿ ಲಾಕ್‌ಡೌನ್ ಬಂದು ಮದುವೆಗೆ 50 ಜನ ಮಾತ್ರ ಅಂತಾದಾಗ ಎಷ್ಟೋ ಮನೆಗಳ ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿತು. ಎಷ್ಟು ತಿಂಗಳು ಮೊದಲು ಹೇಳಿದರೆ ಎಷ್ಟು ವಾಪಸ್, ತಾರೀಖು ಬದಲಾಯಿಸಿದರೆ ಹಳೆಯ ಬಾಡಿಗೆಯೇ ನಡೆಯುತ್ತದಾ, ಮನೆಯಲ್ಲಿ ಸೂತಕ ಬಂದರೆ ಏನು, ಸರ್ಕಾರವೇ ಬೇಡ ಅಂದರೆ ಏನು, ಇವೆಲ್ಲ ಒಂದೊಂದು ಸಾಲಿನಲ್ಲಿ ಇರಲಿ. ಛತ್ರದವರೇ ಕೈಕೊಟ್ಟರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಮ್ಮ ಕೈಯಲ್ಲಿ ಇರುವುದು ಆ ಕಾಗದ ಮಾತ್ರ.

14. ಕೀ ತೆಗೆದುಕೊಳ್ಳುವಾಗ, ಕೊಡುವಾಗ

ಒಳಗೆ ಹೋದ ತಕ್ಷಣ ಕರೆಂಟ್ ಮೀಟರಿನ ಫೋಟೋ ತೆಗೆಯಿರಿ. ಜನರೇಟರ್‌ಗೂ ಮೀಟರ್ ಇದ್ದರೆ ಅದರದ್ದೂ ಒಂದು. ಪಾತ್ರೆಗಳನ್ನು ಪಟ್ಟಿ ಹಿಡಿದು ಎಣಿಸಿ ತೆಗೆದುಕೊಳ್ಳಿ. ಮುರಿದ ಕುರ್ಚಿ, ಒಡೆದ ಕನ್ನಡಿ ಇದ್ದರೆ ಆಗಲೇ ತೋರಿಸಿ. ಇಲ್ಲದಿದ್ದರೆ ಹೋಗುವಾಗ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಲೆಕ್ಕ ಚುಕ್ತಾ ಮಾಡುವ ಕೆಲಸವನ್ನು ಹೆಣ್ಣಿನ ಅಪ್ಪ ಅಮ್ಮನಿಗೆ ಬಿಡಬೇಡಿ. ಊಟ ಮುಗಿದು, ಹೆಣ್ಣು ಒಪ್ಪಿಸುವ ಹೊತ್ತಿಗೇ ಛತ್ರ ಖಾಲಿ ಮಾಡುವ ಹೊತ್ತೂ ಆಗಿರುತ್ತದೆ. ಒಂದು ಕಡೆ ಮಗಳ ಕೈಯನ್ನು ಅತ್ತೆಯ ಕೈಗಿಟ್ಟು ಅಮ್ಮ ಅಳುತ್ತಿರುತ್ತಾರೆ, ಇನ್ನೊಂದು ಕಡೆ ಮ್ಯಾನೇಜರ್ ಬಿಲ್ ಹಿಡಿದು ಅಪ್ಪನನ್ನು ಹುಡುಕುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಈಗ ಆ ಕೆಲಸ ಚಿಕ್ಕಪ್ಪನದು. ಕರಾರು, ರಸೀದಿ, ಪಾತ್ರೆ ಪಟ್ಟಿ, ಮೀಟರಿನ ಫೋಟೋ, ದುಡ್ಡು, ಎಲ್ಲ ಒಂದು ಬಟ್ಟೆ ಚೀಲದಲ್ಲಿ ಅವರ ಹೆಗಲಿಗೆ. ಎರಡೂವರೆಗೆ ಅವರು ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪಾತ್ರೆ ಎಣಿಸಿ ಒಪ್ಪಿಸುತ್ತಾರೆ, ಮೀಟರ್ ಓದುತ್ತಾರೆ, ಠೇವಣಿ ವಾಪಸ್ ಎಣಿಸಿಕೊಂಡ ಮೇಲೆ ಬೀಗದ ಕೈ ಕೊಡುತ್ತಾರೆ.